ಕವಡೆಗೆ ವಯಸ್ಸು ಗೊತ್ತಿಲ್ಲ

(ಮೈಸೂರಿನ ಬಡಾವಣೆಯೊಂದರ ಗ್ರಂಥಾಲಯದಲ್ಲಿ ಮಕ್ಕಳ ಬೇಸಿಗೆ ಶಿಬಿರದ ಕೊನೆಯ ದಿನ, ಪೋಷಕರಿಗಾಗಿ ಮಾಡಿದ ಭಾಷಣದ ಬರಹ ರೂಪ)



ಶಿಬಿರ ನಡೆಸುವ ಗೆಳೆಯರು ನನ್ನನ್ನು ಕರೆಯಲು ಬಂದಾಗ ಮೊದಲೇ ಒಂದು ಷರತ್ತು ಹಾಕಿದರು. 'ಮೇಷ್ಟ್ರೇ, ದಯವಿಟ್ಟು ಲೆಕ್ಕದ ವಿಷಯ ಬೇಡ. ಆಟದ ವಿಷಯ ಮಾತಾಡಿ' ಎಂದರು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವನಿಗೆ ಆಟ ಎಂದರೂ ಲೆಕ್ಕವೇ ನೆನಪಾಗುತ್ತದೆ. ಆದ್ದರಿಂದ ನಡುನಡುವೆ ಒಂದಿಷ್ಟು ಲೆಕ್ಕ ನುಸುಳಿದರೆ ತಾವು ಮನ್ನಿಸಬೇಕು.

ಈ ಶಿಬಿರದ ಹದಿನೈದು ದಿನಗಳಲ್ಲಿ ಅನೇಕ ತಂದೆತಾಯಿಯರು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಾರೆ. 'ಮಗುವಿಗೆ ಐದು ವರ್ಷ. ಮೊಬೈಲು ಬಿಡಿಸಿ ಜೊತೆಯಲ್ಲಿ ಕೂತು ಆಡೋಣ ಅಂದುಕೊಳ್ಳುತ್ತೇವೆ. ಆದರೆ ಹತ್ತು ನಿಮಿಷಕ್ಕೆ ನಮಗೆ ಆಕಳಿಕೆ ಬರುತ್ತದೆ. ನಮಗೆ ಇಷ್ಟವಾದ ಆಟ ತೆಗೆದರೆ ಮಗು ಎದ್ದು ಹೋಗುತ್ತದೆ. ಯಾವ ಆಟ ಕೊಳ್ಳಬೇಕು?' ಇದು ಸಣ್ಣ ಪ್ರಶ್ನೆಯೆಂದು ಯಾರೂ ತಿಳಿಯಬೇಕಾಗಿಲ್ಲ. ದೊಡ್ಡವರಿಗೂ ಮಕ್ಕಳಿಗೂ ಒಂದೇ ಹೊತ್ತಿನಲ್ಲಿ ಮನಃಪೂರ್ವಕ ಸಂತೋಷ ಕೊಡುವ ಕೆಲಸಗಳು ಮನೆಯಲ್ಲಿ ಎಷ್ಟಿವೆ, ಎಣಿಸಿ ನೋಡಿ. ಊಟ ಮಾಡಿಸುವುದು, ಪಾಠ ಓದಿಸುವುದು, ಮಲಗಿಸುವುದು, ಎಲ್ಲದರಲ್ಲೂ ಒಬ್ಬರು ಮಾಡಿಸುವವರು, ಇನ್ನೊಬ್ಬರು ಮಾಡುವವರು. ಆಟವೊಂದರಲ್ಲೇ ಇಬ್ಬರೂ ಒಂದೇ ಚಾಪೆಯ ಮೇಲೆ ಎದುರುಬದುರಾಗಿ ಕೂರುವುದು.

ಹೇಗೆ ಆರಿಸಬೇಕು ಎನ್ನುವುದಕ್ಕೆ ನನ್ನ ಬಳಿ ಒಂದು ಅಳತೆಗೋಲಿದೆ. ಅದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನ ಆರು ವರ್ಷದ ಮಗಳಿಂದ ಬೈಸಿಕೊಂಡು ಕಲಿತದ್ದು.

ಅವಳಿಗೆ ಚದುರಂಗ ಕಲಿಸಬೇಕೆಂದು ನನಗೆ ಬಲು ಆಸೆ. ನಡೆಗಳನ್ನು ಬೇಗ ಕಲಿತಳು. ಆಡಲು ಕೂತರೆ ಸಹಜವಾಗಿ ನಾನೇ ಗೆಲ್ಲುತ್ತಿದ್ದೆ. ನಾಲ್ಕು ದಿನ ಸೋತ ಮೇಲೆ ಮುಖ ಸಣ್ಣದು ಮಾಡಿಕೊಂಡಳು. ಐದನೆಯ ದಿನ ನಾನು ಬೇಕೆಂದೇ ನನ್ನ ಮಂತ್ರಿಯನ್ನು ಅವಳ ಕುದುರೆಯ ಬಾಯಿಗೆ ಕೊಟ್ಟೆ. 'ಅಯ್ಯೋ, ನೋಡಲೇ ಇಲ್ಲವಲ್ಲ!' ಎಂದು ಹಣೆ ಚಚ್ಚಿಕೊಂಡೆ. ಅವಳು ಗೆದ್ದಳು. ಒಂದು ವಾರ ಹೀಗೇ ನಡೆಯಿತು. ಒಂದು ಸಂಜೆ ಅವಳು ನನ್ನ ಮುಖವನ್ನೇ ನೋಡುತ್ತಾ, 'ಅಪ್ಪ, ನೀನು ಸುಳ್ಳು ಸುಳ್ಳೇ ಸೋಲ್ತೀಯ. ಹಾಗಿದ್ರೆ ನಾನು ಒಂದ್ಸಲನೂ ಗೆದ್ದೇ ಇಲ್ಲ ಅಲ್ವಾ?' ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಕಾಯಿಗಳನ್ನು ಪೆಟ್ಟಿಗೆಗೆ ತುಂಬಿ ಇಟ್ಟುಬಿಟ್ಟಳು. ನನ್ನೊಡನೆ ಮತ್ತೆ ಚದುರಂಗಕ್ಕೆ ಕೂತದ್ದು ಹೈಸ್ಕೂಲಿಗೆ ಬಂದ ಮೇಲೆ.

ಅದೇ ದಿನಗಳಲ್ಲಿ ನಮ್ಮ ಮನೆಯ ನಡುಮನೆಯಲ್ಲಿ ಇನ್ನೊಂದು ಆಟ ನಡೆಯುತ್ತಿತ್ತು. ನಮ್ಮ ತಾಯಿ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ನಾಲ್ಕು ಕವಡೆ ಹಿಡಿದು ಕೂರುತ್ತಿದ್ದರು. ಅವರಿಗೆ ಮೊಮ್ಮಕ್ಕಳೆಂದು ದಯೆ ಇರಲಿಲ್ಲ. ನನ್ನ ಮಗಳ ಕಾಯಿ ಇಡೀ ಹೊರಸುತ್ತು ಬಳಸಿ ಒಳಮನೆಗೆ ಕಾಲಿಡುವುದರಲ್ಲಿದ್ದಾಗ ಹಿಂದಿನಿಂದ ಬಂದು ಹೊಡೆದುಹಾಕುತ್ತಿದ್ದರು. ಮಗು ಅತ್ತದ್ದೂ ಉಂಟು. ಆದರೆ ಐದು ನಿಮಿಷ ಕಳೆಯುವಷ್ಟರಲ್ಲಿ ಮೂಗು ಒರೆಸಿಕೊಂಡು ಬಂದು, 'ಅಜ್ಜಿ, ಇನ್ನೊಂದಾಟ' ಎನ್ನುತ್ತಿದ್ದಳು. ಸೋಲಿಸದ ಅಪ್ಪನ ಆಟ ಬೇಡವಾಯಿತು, ಅಳಿಸುವ ಅಜ್ಜಿಯ ಆಟ ಬೇಕಾಯಿತು. ನಾನು ತಾಯಿಯನ್ನು ಕೇಳಿದೆ: 'ಅಷ್ಟು ಸಣ್ಣ ಮಗುವಿನ ಕಾಯಿ ಹೊಡೀತೀಯಲ್ಲಮ್ಮ, ಪಾಪ ಅನ್ಸಲ್ವಾ?' ಅವರು ಕವಡೆ ಕುಲುಕುತ್ತಾ ಹೇಳಿದರು: 'ಅವಳೂ ನಂದು ಹೊಡೀತಾಳಲ್ಲೋ. ಕವಡೆಗೆ ಯಾರ ವಯಸ್ಸೂ ಗೊತ್ತಿಲ್ಲ.'

ನಾನು ಹೇಳಬೇಕಾದದ್ದೆಲ್ಲ ಆ ಒಂದು ಮಾತಿನಲ್ಲಿದೆ. ದೊಡ್ಡವರು ಸೋಲುವ ನಟನೆ ಮಾಡಬೇಕಾಗದ, ಮಗು ಗೆದ್ದರೆ ಅದು ನಿಜವಾದ ಗೆಲುವೇ ಆಗುವ ಆಟವನ್ನು ಆರಿಸಿ. ಇದೇ ನನ್ನ ಅಳತೆಗೋಲು. ಉಳಿದದ್ದೆಲ್ಲ ಇದರ ವಿವರಣೆ.

ಅದೃಷ್ಟವೆಷ್ಟು, ಯೋಚನೆಯೆಷ್ಟು?

ಮಣೆಯ ಮೇಲಿನ ಯಾವ ಆಟವನ್ನೇ ತೆಗೆದುಕೊಳ್ಳಿ, ಅದರಲ್ಲಿ ಎರಡು ದಿನಸು ಬೆರೆತಿರುತ್ತವೆ. ಒಂದು ಅದೃಷ್ಟ, ಇನ್ನೊಂದು ಯೋಚನೆ. ಎರಡರ ಹದ ಬೇರೆ ಬೇರೆ.

ಒಂದು ತುದಿಯಲ್ಲಿ ಹಾವು ಏಣಿ ಆಟವಿದೆ. ಅಲ್ಲಿ ಎಲ್ಲವೂ ಅದೃಷ್ಟ. ದಾಳ ಹೇಳಿದಷ್ಟು ನಡೆಯಬೇಕು, ಬೇರೆ ದಾರಿಯೇ ಇಲ್ಲ. ಮಗು ಗೆಲ್ಲುವ ಸಂಭವ ಎಷ್ಟೋ ದೊಡ್ಡವರು ಗೆಲ್ಲುವ ಸಂಭವವೂ ಅಷ್ಟೇ. ನಟನೆಯ ಅಗತ್ಯವಿಲ್ಲ, ನಿಜ. ಆದರೆ ದೊಡ್ಡವರಿಗೆ ಅಲ್ಲಿ ಮಾಡಲು ಕೆಲಸವಿಲ್ಲ. ಆಕಳಿಕೆ ಬರುವುದು ಆದ್ದರಿಂದಲೇ.

ಇಲ್ಲೊಂದು ಸ್ವಾರಸ್ಯವಿದೆ. ಈ ಆಟ ಮೊದಲು ಹೀಗಿರಲಿಲ್ಲ. ನಮ್ಮಲ್ಲಿ ಇದನ್ನು ಪರಮಪದ ಸೋಪಾನ ಪಟ ಎನ್ನುತ್ತಿದ್ದರು. ವೈಕುಂಠ ಏಕಾದಶಿಯ ಜಾಗರಣೆಯ ರಾತ್ರಿ ಅದನ್ನು ಹರವಿ ಆಡುವ ರೂಢಿ ಅನೇಕ ಮನೆಗಳಲ್ಲಿತ್ತು. ಉತ್ತರ ಭಾರತದಲ್ಲಿ ಇದೇ ಬಗೆಯ ಆಟಕ್ಕೆ ಜ್ಞಾನ ಚೌಪಡ್ ಎಂದು ಹೆಸರು. ಆ ಪಟದ ಮನೆಗಳಿಗೆ ಹೆಸರಿತ್ತು. ಒಂದು ಏಣಿ ಭಕ್ತಿಯದು, ಒಂದು ದಾನದ್ದು. ಒಂದು ಹಾವು ಅಹಂಕಾರದ್ದು, ಒಂದು ಮತ್ಸರದ್ದು. ಮೊಮ್ಮಗ ಹಾವಿನ ಬಾಯಿಗೆ ಬಿದ್ದಾಗ ತಾತನಿಗೆ ಒಂದು ಕಥೆ ಹೇಳುವ ಕೆಲಸ ಸಿಗುತ್ತಿತ್ತು. ಮಗುವಿಗೆ ದಾಳ, ದೊಡ್ಡವರಿಗೆ ಕಥೆ, ಹೀಗೆ ಇಬ್ಬರಿಗೂ ಪಾಲಿತ್ತು. 1892ರಲ್ಲಿ ಲಂಡನ್ನಿನಲ್ಲಿ 'ಸ್ನೇಕ್ಸ್ ಅಂಡ್ ಲ್ಯಾಡರ್ಸ್' ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂತು. ಕಾಲಕ್ರಮದಲ್ಲಿ ಗುಣದೋಷಗಳ ಹೆಸರುಗಳು ಅಳಿಸಿಹೋಗಿ, ಈಗ ಅಂಗಡಿಯಲ್ಲಿ ಸಿಗುವ ಹಾಳೆಯಲ್ಲಿ ಒಂದರಿಂದ ನೂರರವರೆಗಿನ ಅಂಕಿಗಳಷ್ಟೇ ಉಳಿದಿವೆ. ದೊಡ್ಡವರ ಪಾಲು ಕಳೆದುಹೋಯಿತು. ಅದನ್ನು ಮರಳಿ ತರುವುದು ಕಷ್ಟವಲ್ಲ. ಹಾವು ಏಣಿಗಳಿಗೆ ನಿಮ್ಮ ಮನೆಯದೇ ಹೆಸರು ಕೊಡಿ. 'ಇದು ಹಲ್ಲುಜ್ಜದೆ ಮಲಗಿದವರ ಹಾವು' ಎಂದರೆ ಮಗುವೂ ನಗುತ್ತದೆ, ನಿಮಗೂ ನಿದ್ದೆ ಹೋಗುತ್ತದೆ.

ಮೂರು ನಾಲ್ಕು ವರ್ಷದ ಮಕ್ಕಳಿಗೆ ಈ ಆಟದಿಂದ ಇನ್ನೊಂದು ಲಾಭವಿದೆ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಎಂಬ ಸಂಶೋಧಕರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಸಾಲಾಗಿ ಅಂಕಿ ಬರೆದ ಮಣೆಯ ಆಟವನ್ನು, ಎರಡು ವಾರಗಳಲ್ಲಿ ನಾಲ್ಕು ಸಲ, ಒಟ್ಟು ಒಂದು ಗಂಟೆಯಷ್ಟು ಆಡಿಸಿದರು. ಆ ಮಕ್ಕಳ ಸಂಖ್ಯಾಜ್ಞಾನ ಗಮನಾರ್ಹವಾಗಿ ಸುಧಾರಿಸಿತು. ಅದೇ ಆಟವನ್ನು ಅಂಕಿಯ ಬದಲು ಬಣ್ಣದ ಮನೆಗಳ ಮೇಲೆ ಆಡಿದ ಮಕ್ಕಳಲ್ಲಿ ಆ ಸುಧಾರಣೆ ಕಾಣಲಿಲ್ಲ. ಕಾಯಿ ನಡೆಸುವಾಗ ಮಗು ತಾನು ಕಾಲಿಟ್ಟ ಮನೆಯ ಅಂಕಿಯನ್ನು ಬಾಯಿಬಿಟ್ಟು ಹೇಳುತ್ತಿತ್ತು ಎನ್ನುವುದು ಇಲ್ಲಿ ಮುಖ್ಯ. ಆದ್ದರಿಂದ ಮಗುವಿನ ಕಾಯಿಯನ್ನು ನೀವು ನಡೆಸಿಕೊಡಬೇಡಿ. ತಪ್ಪಿದರೂ ಅದೇ ಎಣಿಸಲಿ. ಆದರೆ ಆಟವನ್ನು ಪಾಠವನ್ನಾಗಿಯೂ ಮಾಡಬೇಡಿ. ಪಾಠದ ವಾಸನೆ ಮಕ್ಕಳಿಗೆ ಬಹಳ ಬೇಗ ಹತ್ತುತ್ತದೆ.

ಇನ್ನೊಂದು ತುದಿಯಲ್ಲಿ ಚದುರಂಗವಿದೆ. ಅಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಅದು ಶ್ರೇಷ್ಠ ಆಟವೇ, ಸಂದೇಹವಿಲ್ಲ. ಆದರೆ ಸಮಾನ ಬಲದವರಿಗೆ. ಆರು ವರ್ಷದ ಮಗುವಿಗೂ ನಲವತ್ತು ವರ್ಷದ ತಂದೆಗೂ ನಡುವೆ ಅದನ್ನಿಟ್ಟರೆ ಮಗು ಸದಾ ಸೋಲಬೇಕು ಅಥವಾ ತಂದೆ ಸುಳ್ಳಾಡಬೇಕು. ಮೂರನೆಯ ದಾರಿಯೂ ಒಂದುಂಟು, ಅದನ್ನು ನಾನು ತಡವಾಗಿ ಕಲಿತೆ. ಆಟ ಶುರುವಾಗುವ ಮೊದಲೇ, 'ನಾನು ಮಂತ್ರಿಯಿಲ್ಲದೆ, ಒಂದು ಆನೆಯೂ ಇಲ್ಲದೆ ಆಡುತ್ತೇನೆ' ಎಂದು ಹೇಳಿ ಆ ಕಾಯಿಗಳನ್ನು ಪಕ್ಕಕ್ಕಿಡಿ. ಆಮೇಲೆ ಪೂರ್ತಿ ಶಕ್ತಿಯಿಂದ ಆಡಿ. ಬಹಿರಂಗವಾಗಿ ಕೊಟ್ಟ ರಿಯಾಯಿತಿ ಮಗುವಿಗೆ ಅವಮಾನವಲ್ಲ, ಅದೂ ಆಟದ ನಿಯಮವೇ ಆಗುತ್ತದೆ. ಗುಟ್ಟಾಗಿ ಸೋಲುವುದು ಮಾತ್ರ ಮೋಸ. ಮಗು ಬೆಳೆದಂತೆ ಮೊದಲು ಆನೆ ವಾಪಸು ಬರುತ್ತದೆ, ಆಮೇಲೆ ಮಂತ್ರಿ. 'ಈಗ ಅಪ್ಪನಿಗೆ ಆನೆ ಬೇಕೇ ಬೇಕು' ಎಂದು ಮಗು ಹೆಮ್ಮೆಪಡುವ ದಿನ ಬರುತ್ತದೆ.

ಇಪ್ಪತ್ತೈದು ಮನೆಯ ಸಂಸಾರ

ಈ ಎರಡು ತುದಿಗಳ ನಡುವೆ ಸರಿಯಾದ ಹದದಲ್ಲಿ ನಿಂತಿರುವುದು ಚೌಕಾಬಾರ. ಕೆಲವೆಡೆ ಇದನ್ನೇ ಕಟ್ಟೆಮನೆ ಎನ್ನುತ್ತಾರೆ. ತಾವೆಲ್ಲ ಆಡಿರುತ್ತೀರಿ, ಆದರೂ ಮರೆತವರಿಗಾಗಿ ಹೇಳುತ್ತೇನೆ. ಐದಕ್ಕೈದು, ಅಂದರೆ 25 ಮನೆ. ನಾಲ್ಕು ಬದಿಯ ನಡುಮನೆಗಳಿಗೂ ನಟ್ಟನಡುವಿನ ಮನೆಗೂ ಅಡ್ಡಗೆರೆ ಹಾಕಿ ಕಟ್ಟೆ ಮಾಡುತ್ತೇವೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆಚೂರು, ಹುಣಸೆ ಬೀಜ, ಕಲ್ಲು, ಗುಂಡಿ, ಏನಾದರೂ ಆದೀತು. ಹೊರಸುತ್ತಿನ 16 ಮನೆಗಳನ್ನು ಗಡಿಯಾರಕ್ಕೆ ಎದುರಾಗಿ ಸುತ್ತಿ, ಒಳಸುತ್ತಿನ 8 ಮನೆಗಳನ್ನು ಗಡಿಯಾರದಂತೆ ಸುತ್ತಿ, ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಒಂದು ಕಾಯಿ ಹಣ್ಣಾಗಲು 24 ಹೆಜ್ಜೆ. ಎದುರಾಳಿಯ ಕಾಯಿಯಿರುವ ಮನೆಗೇ ನಮ್ಮ ಗರ ಬಿದ್ದರೆ ಅದನ್ನು ಹೊಡೆಯಬಹುದು. ಕಟ್ಟೆಯ ಮೇಲಿರುವ ಕಾಯಿಯನ್ನು ಹೊಡೆಯುವಂತಿಲ್ಲ. ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಬಹಳ ಮನೆಗಳ ಕಟ್ಟಳೆ.

ಈಗ ನಾಲ್ಕು ಕವಡೆಯ ಲೆಕ್ಕ ನೋಡೋಣ. ಬಾಯಿ ಮೇಲಾಗಿ ಬಿದ್ದ ಕವಡೆಗಳೆಷ್ಟೋ ಅಷ್ಟು ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಈ ಎರಡಕ್ಕೂ, ಕಾಯಿ ಹೊಡೆದದ್ದಕ್ಕೂ ಮತ್ತೊಂದು ಸಲ ಆಡುವ ಹಕ್ಕು. ನಾಲ್ಕು ಕವಡೆ ಬೀಳುವ ರೀತಿ ಒಟ್ಟು 16. ಅದರಲ್ಲಿ ಒಂದು ಬೀಳಲು 4 ದಾರಿ, ಎರಡು ಬೀಳಲು 6, ಮೂರು ಬೀಳಲು 4, ಚೌಕಕ್ಕೆ ಒಂದೇ, ಬಾರಕ್ಕೆ ಒಂದೇ. ಕವಡೆ ನಾಣ್ಯದಷ್ಟು ಸಮತೂಕದ್ದಲ್ಲವಾದ್ದರಿಂದ ಈ ಲೆಕ್ಕ ಚಾಚೂ ತಪ್ಪದೆ ನಡೆಯುತ್ತದೆ ಎನ್ನಲಾರೆ. ಆದರೂ ಸುಮಾರಿಗೆ ಸರಿ. ಇದರ ಅರ್ಥವೇನು? ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಂತ ನಿಮ್ಮ ಕಾಯಿಗೆ ಎಲ್ಲಕ್ಕಿಂತ ಹೆಚ್ಚು ಅಪಾಯ. ನಾಲ್ಕು ಮನೆ ಮುಂದಿದ್ದರೆ ಬಹುತೇಕ ನಿಶ್ಚಿಂತೆ. ನಮ್ಮ ತಾಯಿ ಶಾಲೆಗೆ ಹೋದವರಲ್ಲ. ಆದರೆ ಅವರ ಕಾಯಿ ಎಂದೂ ಎದುರಾಳಿಗೆ ಎರಡು ಮನೆ ಮುಂದೆ ನಿಲ್ಲುತ್ತಿರಲಿಲ್ಲ!

ಇಲ್ಲಿ ಅದೃಷ್ಟ ಮತ್ತು ಯೋಚನೆ ಹೇಗೆ ಕೈ ಹಿಡಿದು ನಡೆಯುತ್ತವೆ ನೋಡಿ. ಮಗುವಿಗೆ ಮೂರು ಬಿತ್ತು ಅನ್ನಿ. ಆ ಮೂರನ್ನು ಯಾವ ಕಾಯಿಗೆ ಕೊಡಬೇಕು? ಒಂದು ಕಾಯಿ ಮೂರಕ್ಕೆ ಕಟ್ಟೆ ಸೇರಿ ಉಳಿಯುತ್ತದೆ. ಇನ್ನೊಂದು ಕಾಯಿ ಮೂರಕ್ಕೆ ಅಪ್ಪನ ಕಾಯಿಯನ್ನು ಹೊಡೆಯುತ್ತದೆ. ಐದು ವರ್ಷದ ಮಗು ಹಿಂದುಮುಂದು ನೋಡದೆ ಹೊಡೆಯುತ್ತದೆ. ಹೊಡೆದ ಸಂತೋಷದಲ್ಲಿ ಕುಣಿಯುತ್ತದೆ. ಮರುಕ್ಷಣವೇ ಕಟ್ಟೆ ಸೇರದೆ ಉಳಿದ ಕಾಯಿಯನ್ನು ಅಮ್ಮ ಹೊಡೆಯುತ್ತಾಳೆ. ಎಂಟು ವರ್ಷಕ್ಕೆ ಬಂದಾಗ ಅದೇ ಮಗು ಗರ ಬಿದ್ದ ಮೇಲೆ ಒಂದು ಗಳಿಗೆ ಸುಮ್ಮನಿರುತ್ತದೆ. ಆ ಒಂದು ಗಳಿಗೆಯ ಮೌನವೇ ಯೋಚನೆ. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ. ದೊಡ್ಡವರು ಅನುಭವದ ಬಲದಿಂದ ಹೆಚ್ಚು ಸಲ ಗೆಲ್ಲುತ್ತಾರೆ, ಆದರೆ ಸದಾ ಗೆಲ್ಲಲಾರರು. ಎರಡು ಬಾರ ಮೇಲಿಂದ ಮೇಲೆ ಬಿದ್ದರೆ ಮಗುವನ್ನು ಹಿಡಿಯುವವರೇ ಇಲ್ಲ. ಆಗ ಅದು ಗೆದ್ದರೆ ಅದಕ್ಕೂ ಗೊತ್ತು, ನಿಮಗೂ ಗೊತ್ತು, ಆ ಗೆಲುವು ಅಪ್ಪಟ.

ಲೂಡೋ ಕೂಡ ಇದೇ ವಂಶದ್ದು. ನಮ್ಮ ಪಚೀಸಿಯನ್ನು ಸರಳಗೊಳಿಸಿ 1896ರಲ್ಲಿ ಇಂಗ್ಲೆಂಡಿನಲ್ಲಿ ಆ ಹೆಸರಿನಿಂದ ಪೇಟೆಂಟ್ ಪಡೆದರು. ಅದರಲ್ಲಿ ಚಿಕ್ಕ ಮಕ್ಕಳನ್ನು ಗೋಳುಹೊಯ್ದುಕೊಳ್ಳುವ ಒಂದು ನಿಯಮವಿದೆ: ಆರು ಬೀಳದೆ ಕಾಯಿ ಹೊರಗೆ ಬರುವಂತಿಲ್ಲ. ಆರು ಸಲ ದಾಳ ಹಾಕಿದರೂ ಒಮ್ಮೆಯೂ ಆರು ಬೀಳದಿರುವ ಸಂಭವ ಮೂರರಲ್ಲೊಂದು! ಉಳಿದವರೆಲ್ಲ ಓಡುತ್ತಿರುವಾಗ ಮಗು ಮನೆಯೊಳಗೇ ಕೂತಿರಬೇಕು. 'ಒಂದು ಬಿದ್ದರೂ ಹೊರಗೆ ಬರಬಹುದು' ಎಂದು ಎಲ್ಲರಿಗೂ ಅನ್ವಯಿಸುವಂತೆ ನಿಯಮ ಬದಲಿಸಿಕೊಳ್ಳಿ. ಮಗುವಿಗೊಬ್ಬಳಿಗೇ ಬದಲಿಸಿದರೆ ಮತ್ತೆ ಸುಳ್ಳು ಶುರುವಾಯಿತು.

ಹುಲಿಯೂ ಕುರಿಯೂ, ಮಣೆಯೂ ಜಗಳವೂ

ಅದೃಷ್ಟವಿಲ್ಲದೆಯೂ ಸಮತೂಕ ತರುವ ಉಪಾಯವನ್ನು ನಮ್ಮ ಹಿರಿಯರು ಹುಡುಕಿದ್ದರು. ಹುಲಿ ಕುರಿ ಆಟ ನೋಡಿ. ಹಲವೆಡೆ ಆಡುವ ಕ್ರಮದಲ್ಲಿ ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ತಿನ್ನಬಹುದು. ಕುರಿಗಳಿಗೆ ತಿನ್ನುವ ಶಕ್ತಿಯಿಲ್ಲ, ಒಗ್ಗಟ್ಟಾಗಿ ನಿಂತು ಹುಲಿಗೆ ದಾರಿಯಿಲ್ಲದಂತೆ ಕಟ್ಟಿಹಾಕಬೇಕು. ಎರಡು ಪಕ್ಷದ ಕೆಲಸವೂ ಬೇರೆ, ಕಷ್ಟವೂ ಬೇರೆ. ಹುಲಿಯಾಗಿ ಹಾರಿ ತಿನ್ನುವುದು ಮಗುವಿಗೆ ಸುಲಭ, ಖುಷಿಯೂ ಹೌದು. ಹದಿನೈದು ಕುರಿಗಳನ್ನು ಒಂದೂ ಒಂಟಿಯಾಗದಂತೆ ಕಾಯುವುದು ದೊಡ್ಡವರಿಗೂ ಬೆವರಿಳಿಸುವ ಕೆಲಸ. ಕಷ್ಟದ ಪಕ್ಷವನ್ನು ನೀವು ವಹಿಸಿಕೊಂಡು ಪ್ರಾಮಾಣಿಕವಾಗಿ ಆಡಿ. ಸೋತರೆ ನಿಜವಾಗಿಯೇ ಸೋತಿರುತ್ತೀರಿ.

ಇಂಥ ಮನೆಗಳನ್ನು ಹಂಪಿಯ ಮಂಟಪಗಳ ಕಲ್ಲಿನ ನೆಲದ ಮೇಲೂ ಕೊರೆದಿದ್ದಾರೆ. ಮುಂದಿನ ಸಲ ಹೋದಾಗ ಗೋಪುರದಿಂದ ಕಣ್ಣು ಕೆಳಗಿಳಿಸಿ ನೆಲ ನೋಡಿ. ಹೆಸರಿಲ್ಲದ ಯಾರೋ ಬಿಡುವಿನಲ್ಲಿ ಕೂತು ಆಡಿದ ಗೆರೆಗಳು ಅಲ್ಲಿವೆ. ನಮ್ಮ ಮೈಸೂರಿನಲ್ಲಂತೂ ಆಟವೆಂಬುದು ಅರಮನೆಯ ವಿದ್ಯೆಯೇ ಆಗಿತ್ತು. 1794ರಲ್ಲಿ ಹುಟ್ಟಿ 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಆಟಗಳನ್ನು ರಚಿಸಿದರು, ಚದುರಂಗದ ಕುದುರೆ ನಡೆಯ ಸಮಸ್ಯೆಗಳನ್ನು ಬಿಡಿಸಿದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ಭಾಗಗಳಲ್ಲಿ ಕೊನೆಯದಾದ 'ಕೌತುಕನಿಧಿ' ಆಟಗಳಿಗೇ ಮೀಸಲು. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಪಟಗಳನ್ನು ಬರೆಸಿದ್ದರು. ಈಚಿನ ವರ್ಷಗಳಲ್ಲಿ ಮೈಸೂರಿನದೇ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳ ಮೂಲಕ ಈ ಮಣೆ, ಪಟ, ಕಾಯಿಗಳನ್ನು ಕುಶಲಕರ್ಮಿಗಳಿಂದ ಮತ್ತೆ ಮಾಡಿಸಿ ಜನರ ಮುಂದಿಟ್ಟಿದೆ.

ಅಳಗುಳಿಮಣೆಯನ್ನು ಮರೆಯುವಂತಿಲ್ಲ. ಕರಾವಳಿಯಲ್ಲಿ ಇದು ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು 14. ಗುಳಿಗೆ ನಾಲ್ಕರಂತೆ ಹಾಕಿದರೆ 56 ಬೀಜ, ಐದರಂತಾದರೆ 70. ಒಂದು ಗುಳಿಯ ಬೀಜ ಎತ್ತಿ ಒಂದೊಂದಾಗಿ ಮುಂದಿನ ಗುಳಿಗಳಿಗೆ ಬಿತ್ತುತ್ತಾ ಹೋಗುವುದು. ಇಲ್ಲಿ ಅದೃಷ್ಟವಿಲ್ಲ, ಎಲ್ಲ ಬೀಜವೂ ಕಣ್ಣೆದುರಿಗೇ ಇದೆ. ಹಾಗಿದ್ದೂ ಮಕ್ಕಳಿಗೆ ಇದು ಹಿಡಿಸುತ್ತದೆ. ಕಾರಣ, ಬಿತ್ತನೆ ಎಲ್ಲಿ ಮುಗಿದೀತೆಂದು ಪೂರ್ತಿ ಮುಂಗಾಣುವುದು ದೊಡ್ಡವರಿಗೂ ಸುಲಭವಲ್ಲ. ಜೊತೆಗೆ ನುಣುಪಾದ ಬೀಜಗಳನ್ನು ಬೊಗಸೆಯಲ್ಲಿ ತುಂಬಿಕೊಳ್ಳುವ ಸುಖ ಬೇರೆ. ಎಣಿಸಲು ಬರುವ ಮಗು ಈ ಆಟಕ್ಕೆ ಅರ್ಹ.

ಈ ಮಣೆಯ ಜೊತೆಗೇ ಒಂದು ಎಚ್ಚರಿಕೆಯ ಕಥೆಯೂ ಬಂದಿದೆ. ತುಳುನಾಡಿನ ಸಿರಿಯ ಪಾಡ್ದನದಲ್ಲಿ ಸಿರಿಯ ಮೊಮ್ಮಕ್ಕಳಾದ ಅಬ್ಬಗ ಮತ್ತು ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡಲು ಕೂರುತ್ತಾರೆ. ಸೋಲು ಗೆಲುವಿನ ಮಾತು ಬೆಳೆದು, ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳನ್ನು ಹೊಡೆಯುತ್ತಾಳೆ. ಅವಳು ಸಾಯುತ್ತಾಳೆ. ಹೊಡೆದವಳು ದುಃಖ ತಾಳಲಾರದೆ ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ನಂಬಿಕೆ ಆ ಕಡೆ ಇದೆ. ಪಗಡೆಯ ಹೆಸರೆತ್ತಿದರೆ ನಮ್ಮ ಹಿರಿಯರು ಧರ್ಮರಾಯನನ್ನು ನೆನೆಯುತ್ತಿದ್ದರು. ಇವೆಲ್ಲ ಆಟದ ವಿರುದ್ಧ ಹೇಳಿದ ಮಾತು ಎಂದು ನಾನು ತಿಳಿದಿಲ್ಲ. ಆಟದಲ್ಲಿ ಸೋತಾಗ ಆಗುವ ನೋವು ಹುಸಿಯಲ್ಲ ಎಂದು ಅವರಿಗೆ ಗೊತ್ತಿತ್ತು, ಅಷ್ಟೆ. 'ಬರೀ ಆಟ ತಾನೆ, ಅದಕ್ಕೇನು ಅಳೋದು?' ಎಂದು ಮಗುವಿಗೆ ಹೇಳುತ್ತೇವಲ್ಲ, ಆ ಮಾತಿನಲ್ಲಿ ಹುರುಳಿಲ್ಲ. ಗೆದ್ದಾಗ 'ಭೇಷ್' ಎನ್ನುವವರು ಸೋತಾಗ 'ಬರೀ ಆಟ' ಎಂದರೆ ಮಗು ಹೇಗೆ ಒಪ್ಪೀತು? ಅಳಲಿ ಬಿಡಿ. ಪಕ್ಕದಲ್ಲಿ ಕೂತಿರಿ. ಇನ್ನೊಂದಾಟಕ್ಕೆ ಮನೆ ಅಳಿಸದೆ ಹಾಗೇ ಇಟ್ಟಿರಿ.

ಒಬ್ಬರ ಮೇಲೊಬ್ಬರು ಗೆಲ್ಲುವುದನ್ನು ಇನ್ನೂ ತಾಳಲಾರದ ಮೂರು ನಾಲ್ಕು ವರ್ಷದ ಮಕ್ಕಳಿಗೆ, ಎಲ್ಲರೂ ಒಂದೇ ಪಕ್ಷವಾಗುವ ಆಟಗಳಿವೆ. ಜರ್ಮನಿಯಲ್ಲಿ 1986ರಲ್ಲಿ ಬಂದ ಒಂದು ಹಣ್ಣಿನ ತೋಟದ ಆಟ ಇಂಥದು. ಕಾಗೆ ಬರುವುದರೊಳಗೆ ಎಲ್ಲರೂ ಸೇರಿ ಮರಗಳ ಹಣ್ಣನ್ನೆಲ್ಲ ಬಿಡಿಸಬೇಕು. ಗೆದ್ದರೆ ಎಲ್ಲರೂ ಗೆದ್ದಂತೆ, ಸೋತರೆ ಎಲ್ಲರೂ ಕಾಗೆಗೆ ಸೋತಂತೆ. ಸೋಲನ್ನು ಹಂಚಿಕೊಂಡು ಅಭ್ಯಾಸ ಮಾಡಲು ಇದು ಒಳ್ಳೆಯ ಮೊದಲ ಮೆಟ್ಟಿಲು.

ಇನ್ನು ಅಂಗಡಿಗೆ ಹೋದಾಗ ಏನು ನೋಡಬೇಕು? ಪೆಟ್ಟಿಗೆಯ ಮೇಲಿನ ಚಿತ್ರಕ್ಕೆ ಮರುಳಾಗಬೇಡಿ. ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಮೊದಲನೆಯದು: ನಾನು ಪೂರ್ತಿ ಮನಸ್ಸಿಟ್ಟು ಆಡಿದರೂ ಮಗು ಆಗಾಗ ಗೆಲ್ಲಬಲ್ಲದೆ? ಎರಡನೆಯದು: ಪ್ರತಿ ಸರದಿಯಲ್ಲೂ ಏನನ್ನಾದರೂ ಆರಿಸುವ ಕೆಲಸ ಇಬ್ಬರಿಗೂ ಇದೆಯೆ? ಮೂರನೆಯದು: ಆಟ ಅರ್ಧ ಗಂಟೆಯೊಳಗೆ ಮುಗಿಯುತ್ತದೆಯೆ? ಐದು ವರ್ಷದ ಮಗುವಿನ ತಾಳ್ಮೆಗೆ ಅದಕ್ಕಿಂತ ಹೆಚ್ಚು ಹೊರೆ ಬೇಡ. ನಾಲ್ಕನೆಯದು: ನಡುವೆಯೇ ಯಾರನ್ನಾದರೂ ಆಟದಿಂದ ಹೊರಗೆ ಹಾಕುತ್ತದೆಯೆ? ಊರು, ಮನೆ, ನೋಟು ಕೊಂಡು ಮಾರುವ ವ್ಯಾಪಾರದ ಆಟಗಳಲ್ಲಿ ಇದೇ ತೊಂದರೆ. ದಿವಾಳಿಯಾದವರು ಉಳಿದವರ ಶ್ರೀಮಂತಿಕೆಯನ್ನು ಗಂಟೆಗಟ್ಟಲೆ ನೋಡುತ್ತಾ ಕೂರಬೇಕು. ಮನೆಯಲ್ಲಿ ಮೊದಲು ದಿವಾಳಿಯಾಗುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಮೊಬೈಲಿನಲ್ಲೂ ಚೌಕಾಬಾರವಿದೆಯಲ್ಲ ಎಂದು ಯಾರೋ ಕೇಳಿದರು. ಇದೆ. ಆದರೆ ಅಲ್ಲಿ ಎಣಿಸುವುದು ಯಂತ್ರ, ನಡೆಸುವುದು ಯಂತ್ರ, ಯಾರೂ ತಪ್ಪು ಮಾಡುವಂತಿಲ್ಲ. ನೆಲದ ಮೇಲಿನ ಆಟದಲ್ಲಿ ಮಗು ಐದನ್ನು ಆರೆಂದು ಎಣಿಸುತ್ತದೆ, ಅಜ್ಜಿ ಹಿಡಿಯುತ್ತಾಳೆ, ವಾದವಾಗುತ್ತದೆ, ಮತ್ತೆ ಎಣಿಸುತ್ತಾರೆ. ನ್ಯಾಯವೆಂದರೇನು ಎಂಬುದನ್ನು ಮಗು ಅಲ್ಲಿ ಬೆರಳಿಟ್ಟು ಎಣಿಸಿ ಕಲಿಯುತ್ತದೆ.

ಮುಗಿಸುವ ಮೊದಲು ಒಂದು ಮಾತು. ನಮ್ಮ ತಾಯಿ ಈಗಿಲ್ಲ. ಆ ನಾಲ್ಕು ಕವಡೆ ನನ್ನ ಮೇಜಿನ ಸೆಳೆಖಾನೆಯಲ್ಲಿವೆ. ಕಳೆದ ರಜೆಯಲ್ಲಿ ಮಗಳು ಬಂದಿದ್ದಾಗ ಅವಳ ಐದು ವರ್ಷದ ಮಗನೊಡನೆ ಆಡಲು ಕೂತೆ. ನನ್ನ ಮೂರು ಕಾಯಿ ಹಣ್ಣಾಗಿತ್ತು. ನಾಲ್ಕನೆಯದು ಒಳಸುತ್ತಿಗೆ ಒಂದೇ ಹೆಜ್ಜೆ ಹೊರಗಿತ್ತು. ಅವನಿಗೆ ಎರಡು ಬೀಳಬೇಕಿತ್ತು, ಬಿತ್ತು. ಹೌದು, ನಾನು ಎರಡು ಮನೆ ಮುಂದೆ ನಿಂತಿದ್ದೆ. ನಿಮಗೆಲ್ಲ ಈಗ ತಾನೆ ಲೆಕ್ಕ ಹೇಳಿದ ಗಣಿತದ ಮೇಷ್ಟ್ರು! ಕಾಯಿ ಹೊಡೆದು ನನ್ನ ಕಡೆ ತಳ್ಳಿದ. ನನಗೆ ನಿಜವಾಗಿಯೂ ಸಿಟ್ಟು ಬಂತು. 'ಛೇ!' ಎಂದು ಬಾಯಿಂದ ಹೊರಟೇಬಿಟ್ಟಿತು. ಅವನು ನನ್ನ ಮುಖವನ್ನು ಚೆನ್ನಾಗಿ ನೋಡಿದ, ಇಪ್ಪತ್ತೇಳು ವರ್ಷದ ಹಿಂದೆ ಅವನ ಅಮ್ಮ ನೋಡಿದ ಹಾಗೆಯೇ. ಆಮೇಲೆ ಅಡಿಗೆಮನೆಗೆ ಓಡಿಹೋಗಿ, 'ಅಮ್ಮಾ, ತಾತಂಗೆ ನಿಜವಾಗ್ಲೂ ಕೋಪ ಬಂತು!' ಎಂದು ಕೂಗಿದ. ಅಷ್ಟು ಸಂತೋಷವನ್ನು ನಾನು ಅವನ ದನಿಯಲ್ಲಿ ಹಿಂದೆ ಕೇಳಿರಲಿಲ್ಲ.

ಹೊರಗಿನ ಜಗಲಿಯ ಮೇಲೆ ಶಿಬಿರದ ಮಕ್ಕಳು ಹನ್ನೆರಡು ಚೌಕಾಬಾರದ ಮನೆ ಬರೆದಿದ್ದಾರೆ. ಕವಡೆ ಎಲ್ಲರಿಗೂ ಸಾಲದು. ಹುಣಸೆ ಬೀಜವನ್ನು ಒಂದು ಕಡೆ ತೇದು ಬೆಳ್ಳಗೆ ಮಾಡಿಟ್ಟಿದ್ದಾರೆ. ನಿಮ್ಮ ನಿಮ್ಮ ಮಕ್ಕಳು ನಿಮಗಾಗಿ ಕಾಯುತ್ತಿದ್ದಾರೆ. ಹೋಗಿ ಕೂತು ಆಡಿ. ದಯವಿಟ್ಟು ಯಾರೂ ಬೇಕೆಂದು ಸೋಲಬೇಡಿ.